ಪೀ ಪಫರ್ ಮೀನಿನ ಟ್ಯಾಂಕ್ ಹೇಗೆ ಜೋಡಿಸಬೇಕು?

ಎರಡಡಿ ಟ್ಯಾಂಕ್ ಇದೆ, ಆರು ಪೀ ಪಫರ್ ಬಿಡಬೇಕು, ಬಣ್ಣದ ಕಲ್ಲು ಹಾಸಿ ನಡುವೆ ಪ್ಲಾಸ್ಟಿಕ್ ಕೋಟೆ ಇಟ್ಟರೆ ಸಾಕಾ, ಅಂಗಡಿಯವರು ಹೇಳಿದ ಹಾಗೆ ಉಪ್ಪು ಹಾಕಬೇಕಾ ಅಂತ ಕೇಳಿದ್ದೀರಿ.

ಮೊದಲು ಉಪ್ಪಿನ ವಿಷಯ. ಬೇಡ. ಗ್ರೀನ್ ಸ್ಪಾಟೆಡ್ ಪಫರ್, ಫಿಗರ್ ಎಯ್ಟ್ ಪಫರ್‌ಗಳಿಗೆ ಸವಳು ನೀರು ಬೇಕು, ಅದಕ್ಕೇ ಈ ಗೊಂದಲ. ಪೀ ಪಫರ್ ಪೂರ್ತಿ ಸಿಹಿನೀರಿನ ಮೀನು. ಅದೂ ನಮ್ಮ ಕಡೆಯದ್ದೇ: ಪಶ್ಚಿಮ ಘಟ್ಟದಿಂದ ಹರಿಯುವ ಕೇರಳ, ದಕ್ಷಿಣ ಕರ್ನಾಟಕದ ಹೊಳೆಗಳದ್ದು. 1941ರಲ್ಲಿ ಮೀನು ವಿಜ್ಞಾನಿಗಳಾದ ಹೋರಾ ಮತ್ತು ನಾಯರ್ ಇದನ್ನು ಮೊದಲು ದಾಖಲಿಸಿದ್ದು ತಿರುವಾಂಕೂರಿನ ಪಂಪಾ ನದಿಯಿಂದ.

ಇನ್ನು ಅಲಂಕಾರ. ಈ ಮೀನು ಇರೋದು ಎರಡೂವರೆ ಸೆಂಟಿಮೀಟರ್, ಜಗಳ ಮಾತ್ರ ಊರಗಲ. ಒಂದು ಗಂಡು ಇನ್ನೊಂದು ಗಂಡನ್ನು ಕಂಡರೆ ಅಟ್ಟಿಸಿಕೊಂಡು ಹೋಗಿ ರೆಕ್ಕೆ, ಬಾಲ ಕಚ್ಚುತ್ತದೆ. ಕಂಡರೆ ಮಾತ್ರ! ಹಾಗಾಗಿ ನೀವು ಮಾಡಬೇಕಾದ್ದು ಒಂದೇ ಕೆಲಸ, ಕಾಣದ ಹಾಗೆ ಮರೆ ಕಟ್ಟುವುದು. ಟ್ಯಾಂಕಿನ ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ನಿಮಗೇ ಕಾಣಬಾರದು. ನಡುವೆ ಒಂದೇ ಕೋಟೆ ಇಟ್ಟರೆ ಬಲಶಾಲಿ ಗಂಡೊಂದು ಅದನ್ನು ಆಕ್ರಮಿಸಿಕೊಳ್ಳುತ್ತದೆ, ಉಳಿದವು ಮೂಲೆ ಸೇರುತ್ತವೆ.

ತಳಕ್ಕೆ ಸಣ್ಣ ಮರಳು ಸಾಕು. ಎರಡು ಮೂರು ಮರದ ಬೊಡ್ಡೆ ಹಾಕಿ, ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಬೇಡಿ. ಬೊಡ್ಡೆಯನ್ನು ಕುದಿಸಿ, ಕೆಲವು ದಿನ ನೆನೆಸಿಡಿ. ಆಮೇಲೂ ನೀರು ಸ್ವಲ್ಪ ಚಹಾ ಬಣ್ಣಕ್ಕೆ ತಿರುಗಬಹುದು, ಅದರಿಂದ ಮೀನಿಗೇನೂ ತೊಂದರೆ ಇಲ್ಲ. ಅನೂಬಿಯಾಸ್, ಜಾವಾ ಫರ್ನ್ ಗಿಡಗಳನ್ನು ಬೊಡ್ಡೆಗೇ ದಾರದಿಂದ ಕಟ್ಟಿ. ಅವುಗಳ ದಪ್ಪ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಹಿಂದೆ ಉದ್ದಕ್ಕೂ ವ್ಯಾಲಿಸ್ನೇರಿಯಾ ನೆಡಿ. ಹಾರ್ನ್‌ವರ್ಟ್ ಅಂತೂ ಬೇರೂರಬೇಕಾಗಿಯೇ ಇಲ್ಲ, ಸುಮ್ನೆ ತೇಲಿಬಿಟ್ಟರೂ ಬೆಳೆಯುತ್ತದೆ. ಪಾಚಿಯಂಥ ಜಾವಾ ಮಾಸ್ ಎರಡು ಹಿಡಿ ಇರಲಿ, ಮೊಟ್ಟೆ ಇಡೋದೂ ಅದರಲ್ಲೇ. ಅರ್ಧ ತೆಂಗಿನ ಕರಟಕ್ಕೆ ತೂತು ಮಾಡಿ, ಕುದಿಸಿ, ಬೋರಲು ಹಾಕಿದರೆ ಪುಕ್ಕಟೆ ಗುಹೆ. ರಸ್ತೆ ಬದಿಯ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆ ಸಿಕ್ಕರೆ ತೊಳೆದು ನಾಲ್ಕೈದು ಹಾಕಿ. ಎಲೆಗಳ ಸಂದಿಯಲ್ಲಿ ಇವು ಇಣುಕುತ್ತಾ ಬೇಟೆಯಾಡೋದು ನೋಡೋಕೆ ಚಂದ, ಎರಡೂ ಕಣ್ಣು ಬೇರೆ ಬೇರೆ ಕಡೆ ತಿರುಗುತ್ತವೆ! ಬಣ್ಣದ ಕಲ್ಲು ಬೇಡ ಅಂತ ನನ್ನ ಅಭಿಪ್ರಾಯ. ಕಲ್ಲಿನ ಸಂದಿಗೆ ಬಿದ್ದ ಊಟ ಅಲ್ಲೇ ಕೊಳೆಯುತ್ತದೆ.

ಆರು ಮೀನು ಎರಡಡಿ ಟ್ಯಾಂಕಿಗೆ, ಅಂದರೆ ಸುಮಾರು 54 ಲೀಟರಿಗೆ, ಸ್ವಲ್ಪ ಜಾಸ್ತಿ. ಒಂದು ಗಂಡು, ಮೂರು ಹೆಣ್ಣು ನೆಮ್ಮದಿಯ ಲೆಕ್ಕ. ಬಲಿತ ಗಂಡಿಗೆ ಹೊಟ್ಟೆಯ ನಡುವೆ ಕಪ್ಪು ಗೆರೆ, ಕಣ್ಣ ಹಿಂದೆ ಸುಕ್ಕಿನಂಥ ಗೆರೆಗಳು ಇರುತ್ತವೆ. ಮರಿಗಳಲ್ಲಿ ಇದು ಗೊತ್ತಾಗೋದಿಲ್ಲ. ಗಪ್ಪಿ, ಬೆಟ್ಟಾ ಜೊತೆಗೆ ಬಿಡಲೇಬೇಡಿ, ಬಾಲ ಉಳಿಯೋದಿಲ್ಲ.

ಇವು ನಿಧಾನವಾಗಿ ಈಜುತ್ತವೆ, ನೀರಿನ ಸೆಳೆತ ಜೋರಿರಬಾರದು, ಹಾಗಾಗಿ ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಒಳ್ಳೆಯದು. ನೀರು 24ರಿಂದ 27 ಡಿಗ್ರಿ ಇರಲಿ. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ಬದಲಿಸಿ. ಹೊಸ ಟ್ಯಾಂಕಿಗೆ ಮೀನನ್ನು ಅವತ್ತೇ ಬಿಡಬೇಡಿ. ಮೀನಿನ ಹೊಲಸು, ಕೊಳೆತ ಊಟದಿಂದ ಬರುವ ವಿಷ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು. ಅದಕ್ಕೆ ತಿನ್ನೋಕೂ ಏನಾದರೂ ಬೇಕಲ್ವಾ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕ್ತಾ ಇರಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೀನು ತನ್ನಿ. ತರುವಾಗ ಬಲೆಯಲ್ಲಿ ಎತ್ತಬೇಡಿ, ಹೆದರಿ ಗಾಳಿ ತುಂಬಿಕೊಂಡು ಉಬ್ಬಿದರೆ ಅದನ್ನು ಹೊರಹಾಕೋಕೆ ಒದ್ದಾಡುತ್ತದೆ. ಲೋಟದಲ್ಲಿ ನೀರಿನ ಸಮೇತ ಎತ್ತಿ. ಮಾರಾಟಕ್ಕೆ ಬರುವ ಎಷ್ಟೋ ಮೀನು ಹೊಳೆಯಲ್ಲಿ ಹಿಡಿದವೇ. ಸಾಕಿ ಬೆಳೆಸಿದ ಮರಿ ಸಿಕ್ಕರೆ ಅದನ್ನೇ ಕೊಳ್ಳಿ, ಹೊಟ್ಟೆ ಬತ್ತಿ ಒಳಸೇರಿದ ಮೀನು ಬೇಡ. ಅದಕ್ಕೆ ಹುಳದ ಬಾಧೆ ಇರುವ ಸಾಧ್ಯತೆ ಜಾಸ್ತಿ.

ಆ ಕಾಯುವ ವಾರಗಳಲ್ಲಿ ಇನ್ನೊಂದು ಕೆಲಸ ಮಾಡಿ. ಒಣ ಪೆಲೆಟ್ಟನ್ನು ಇವು ಮೂಸಿಯೂ ನೋಡೋದಿಲ್ಲ. ಬ್ಲಡ್‌ವರ್ಮ್ ಅನ್ನೋ ಕೆಂಪು ಹುಳು, ಡಾಫ್ನಿಯಾ ಅನ್ನೋ ನೀರಿನ ಪುಟ್ಟ ಜೀವಿ ಫ್ರೋಜನ್ ಸಿಗುತ್ತವೆ, ಆದರೆ ಇವುಗಳ ಪ್ರಾಣ ಇರೋದು ಸಣ್ಣ ಬಸವನಹುಳುವಿನಲ್ಲಿ. ಒಂದು ಬಕೆಟ್ ನೀರಿಗೆ ಹತ್ತಾರು ರಾಮ್ಸ್‌ಹಾರ್ನ್ ಬಸವನಹುಳು ಬಿಟ್ಟು, ಬೇಯಿಸಿದ ಸೌತೆಕಾಯಿ ಚೂರು ಹಾಕ್ತಾ ಇರಿ. ಕೆರೆಯಿಂದ ಮಾತ್ರ ತರಬೇಡಿ, ರೋಗ ಬರಬಹುದು. ಮೀನು ಬರುವಷ್ಟರಲ್ಲಿ ಬಕೆಟ್ಟಿನಲ್ಲಿ ಮರಿಗಳು ತುಂಬಿರುತ್ತವೆ.