ಏರ್ ಡ್ರೈಯರ್ ಇದ್ದರೂ ಮೋಟಾರ್‌ಹೋಮ್‌ನ ಬ್ರೇಕ್ ಟ್ಯಾಂಕಲ್ಲಿ ನೀರು ಯಾಕೆ ಬರುತ್ತದೆ?

ಹಳೆ ಬಸ್ಸನ್ನು ಮನೆಯಂತೆ ಉಳಿಯಬಹುದಾದ ಮೋಟಾರ್‌ಹೋಮ್ ಮಾಡಿಸಿ ಸಾಗರದ ಹತ್ತಿರ ಶೆಡ್ಡಲ್ಲಿ ನಿಲ್ಲಿಸಿದ್ದೀರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸುತ್ತೀರಿ. ಆದರೂ ಬ್ರೇಕ್ ಹಿಡಿಸುವ ಒತ್ತಿದ ಗಾಳಿ ತುಂಬಿರುವ ಟ್ಯಾಂಕಿನ ತಳದ ಡ್ರೈನ್ ವಾಲ್ವ್ ಎಳೆದರೆ ಹಾಲು ಹಾಕಿದ ಚಹಾದಂಥ ನೀರು ಬರುತ್ತಿದೆ. ಬ್ರೇಕಿನ ಗಾಳಿ ಲೈನಿಗೆ ಆಲ್ಕೋಹಾಲ್ ಹಾಕಬಹುದಾ ಅಂತ ಕೇಳಿದ್ದೀರಿ.

ಆಲ್ಕೋಹಾಲ್ ಬೇಡ. ಅದಕ್ಕಿಂತ ಮೊದಲು ಆ ಹತ್ತು ನಿಮಿಷದ ಅಭ್ಯಾಸ ಬಿಡಿ. ನನ್ನ ಗಾಡಿಗೂ ನಾನು ಅದನ್ನೇ ಮಾಡುತ್ತಿದ್ದೆ. ಆರಿದ್ರಾ ಮಳೆಯಿಂದ ಮಘೆ ಮಳೆ ತನಕ ತೀರ್ಥಹಳ್ಳಿಯಲ್ಲಿ ನಿಂತ ಗಾಡಿಯನ್ನು ಶಿವಮೊಗ್ಗಕ್ಕೆ ಹೊರಡಿಸಿದೆ. ಮಂಡಗದ್ದೆ ಹತ್ತಿರ ಬರುವಾಗ ಬ್ರೇಕ್ ಲೈನರ್ ಸುಟ್ಟ ವಾಸನೆ. ಇಳಿದು ನೋಡಿದರೆ ಹಿಂದಿನ ಎರಡೂ ಡ್ರಮ್ ಕೈ ಹತ್ತಿರ ಒಯ್ಯಲಾಗದಷ್ಟು ಬಿಸಿ. ಪೆಡಲ್ ಬಿಟ್ಟರೂ ಹಿಂದಿನ ಬ್ರೇಕ್ ಪೂರ್ತಿ ಬಿಡುತ್ತಿರಲಿಲ್ಲ. ಹಿಂದಿನ ಬ್ರೇಕಿಗೆ ಗಾಳಿ ಕೊಟ್ಟು ಬಿಡುವ ರಿಲೇ ವಾಲ್ವ್ ಬಿಚ್ಚಿಸಿದಾಗ ಒಳಗೆ ತುಕ್ಕು, ಅಂಟಂಟು ಕೆಸರು. ಹೆಂಡತಿ ಮಕ್ಕಳು ಗಾಡಿಯಲ್ಲಿದ್ದರು. ಆ ಭಯ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀರು ಎಲ್ಲಿಂದಲೋ ಸೋರಿ ಬರುವುದಲ್ಲ. ಗಾಳಿಯಲ್ಲೇ ಇರುತ್ತದೆ. ಉಪ್ಪಿನ ಜಾಡಿ ಬೆವರುವ ನಮ್ಮ ಮಳೆಗಾಲದ ಗಾಳಿ 25 ಡಿಗ್ರಿಯಲ್ಲಿದ್ದರೆ, ಒಂದು ಘನ ಮೀಟರ್‌ನಲ್ಲಿ ಹೆಚ್ಚು ಕಡಿಮೆ 23 ಗ್ರಾಂ ನೀರು ಆವಿಯಾಗಿ ಇರುತ್ತದೆ. ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಅದನ್ನು 8 ಬಾರ್‌ಗೆ ಒತ್ತಿದಾಗ, ಹೊರಗಿನ ಗಾಳಿಯ ಒಂದು ಬಾರ್ ಸೇರಿ ಒಂಬತ್ತಾಗಿ, ಒಂಬತ್ತನೇ ಒಂದು ಭಾಗದ ಜಾಗಕ್ಕೆ ಇಳಿಯುತ್ತದೆ. ಬಿಸಿ ಆರಿದ ಮೇಲೆ ಅಷ್ಟು ಜಾಗದಲ್ಲಿ ಆವಿಯಾಗಿ ಉಳಿಯುವುದು ಎರಡೂವರೆ ಗ್ರಾಂ ಮಾತ್ರ. ಮಿಕ್ಕ 20 ಗ್ರಾಂ ನೀರಾಗಿ ಬೀಳಲೇಬೇಕು ಅಲ್ವಾ? ಅಂದರೆ ನಾಲ್ಕು ಟೀ ಚಮಚ.

ಅದನ್ನು ಹಿಡಿಯುವುದು ಗಾಳಿ ಒಣಗಿಸುವ ಡ್ರೈಯರ್ ಒಳಗಿನ, ನೀರು ಹೀರುವ ಕಾಳುಗಳು. ಆದರೆ ಅವು ಹೀರಿದ ನೀರನ್ನು ಹೊರಗೆ ಹಾಕಿದರೆ ಮಾತ್ರ ಮತ್ತೆ ಹೀರುತ್ತವೆ. ಟ್ಯಾಂಕಲ್ಲಿ ಪ್ರೆಶರ್ ತುಂಬಿ ಕಂಪ್ರೆಸರ್ ಗಾಳಿ ತುಂಬುವುದು ನಿಂತಾಗ 'ಫುಸ್' ಅಂತ ಶಬ್ದ ಬರುತ್ತದಲ್ಲ, ಆಗಲೇ ಒಣ ಗಾಳಿ ಹಿಂದಕ್ಕೆ ಹರಿದು ಕಾಳುಗಳನ್ನು ಒಣಗಿಸುತ್ತದೆ. ನಿಂತಲ್ಲೇ ಹತ್ತು ನಿಮಿಷ ಓಡಿಸಿದರೆ ಈ ಫುಸ್ ಒಂದು ಸಲ ಆದರೆ ಹೆಚ್ಚು. ಹಸಿ ಗಾಳಿ ಒಳಗೆ ಹೋಯಿತು, ಕಾಳು ಒಣಗಲಿಲ್ಲ. ಪ್ರತಿ ವಾರ ಇದೇ ಕತೆ. ಓಡಿಸುವುದಾದರೆ ರಸ್ತೆಗೆ ಒಯ್ದು ಮುಕ್ಕಾಲು ಗಂಟೆ, ಬ್ರೇಕ್ ಬಳಸುತ್ತಾ ಓಡಿಸಿ. ಆಗದಿದ್ದರೆ ಸುಮ್ನೆ ನಿಲ್ಲಿಸಿಡುವುದೇ ವಾಸಿ.

ಇನ್ನು ಬಣ್ಣ. ಡ್ರೈಯರ್ ಸರಿ ಇದ್ದರೆ ಟ್ಯಾಂಕಿಂದ ಬರೀ ಗಾಳಿ ಬರಬೇಕು. ತಿಳಿ ನೀರು ಬಂದರೆ ಕಾಳು ಸೋತಿದೆ. ಕೆಂಪಾಗಿದ್ದರೆ ಟ್ಯಾಂಕ್ ಒಳಗೆ ತುಕ್ಕು. ನಿಮ್ಮದು ಹಾಲಿನಂತಿದೆ, ಅಂದರೆ ನೀರಿನ ಜೊತೆ ಎಣ್ಣೆ ಸೇರಿದೆ. ಕಂಪ್ರೆಸರ್ ರಿಂಗ್ ಸವೆದು ಎಣ್ಣೆ ದಾಟುತ್ತಿರಬಹುದು. ಎಣ್ಣೆ ಹತ್ತಿದ ಕಾಳು ನೀರು ಹೀರುವುದಿಲ್ಲ. ಬರೀ ಕಾಳು ತುಂಬಿದ ಡಬ್ಬಿ, ಅಂದರೆ ಕಾರ್ಟ್ರಿಜ್ ಬದಲಿಸಿ ಕಂಪ್ರೆಸರ್ ನೋಡದೆ ಬಿಟ್ಟರೆ ಹೊಸದೂ ಬೇಗ ಹಾಳಾಗುತ್ತದೆ. ಕಂಪ್ರೆಸರಿಂದ ಡ್ರೈಯರಿಗೆ ಹೋಗುವ ಪೈಪನ್ನೂ ಬಿಚ್ಚಿಸಿ ನೋಡಿ. ಒಳಗೆ ಕರಿ ಕಟ್ಟಿರುತ್ತದೆ. ಆ ಪೈಪ್ ಡ್ರೈಯರ್ ಕಡೆಗೆ ಇಳಿಜಾರಾಗಿರಬೇಕು, ನಡುವೆ ತಗ್ಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಎಲ್ಲಾದರೂ ಗಾಳಿ ಸೋರುತ್ತಿದ್ದರೆ ಕಂಪ್ರೆಸರಿಗೆ ಬಿಡುವೇ ಇರುವುದಿಲ್ಲ, ಡ್ರೈಯರಿಗೂ ಒಣಗಲು ಸಮಯ ಸಿಗುವುದಿಲ್ಲ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಕಾರ್ಟ್ರಿಜ್ ಒಂದೆರಡು ವರ್ಷ ಬರುತ್ತದೆ ಅನ್ನುತ್ತಾರೆ. ನಾನು ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲಿ ಬದಲಿಸುತ್ತೇನೆ. ಎಣ್ಣೆ ಬೇರೆ ಮಾಡುವ ನಮೂನೆಯದೂ ಸಿಗುತ್ತದೆ, ನಿಮಗೆ ಅದೇ ಒಳ್ಳೆಯದು.

ಡ್ರೈನ್ ಮಾಡುವುದು ಬೆಳಗ್ಗೆ, ಎಂಜಿನ್ ಶುರು ಮಾಡುವ ಮೊದಲು. ರಾತ್ರಿ ತಣ್ಣಗಾಗಿ ನೀರೆಲ್ಲ ತಳಕ್ಕೆ ಇಳಿದಿರುತ್ತದೆ. ಕಂಪ್ರೆಸರ್ ಕಡೆಯ ಮೊದಲ ಟ್ಯಾಂಕಲ್ಲೇ ನೀರು ಜಾಸ್ತಿ, ಆದರೆ ಎಲ್ಲ ಟ್ಯಾಂಕನ್ನೂ ಬಿಡಿ. ಚಕ್ರಕ್ಕೆ ಅಡ್ಡಕಟ್ಟೆ ಕೊಡಿ. ನಿಮ್ಮದು ಏರ್ ಸಸ್ಪೆನ್ಷನ್ (ಬಾಡಿಯನ್ನು ಗಾಳಿ ಚೀಲ ಹೊರುವ ನಮೂನೆ) ಆಗಿದ್ದರೆ ದಯವಿಟ್ಟು ಗಾಡಿ ಕೆಳಗೆ ನುಗ್ಗಬೇಡಿ, ಗಾಳಿ ಹೋದ ಹಾಗೆ ಬಾಡಿ ಕೆಳಗೆ ಕೂರುತ್ತದೆ. ವಾಲ್ವಿಗೆ ವೈರ್ ಕಟ್ಟಿ ಪಕ್ಕದಿಂದ ಎಳೆಯಿರಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೂರ್ತಿ ಖಾಲಿ ಮಾಡಿ ವಾಲ್ವ್ ಮುಚ್ಚಿ. ತೆರೆದಿಟ್ಟರೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ.

ಆಲ್ಕೋಹಾಲ್ ವಿಷಯ. ಅದು ಲೈನಲ್ಲಿ ನೀರು ಮಂಜುಗಡ್ಡೆ ಆಗುವ ಚಳಿ ದೇಶಗಳ ಮದ್ದು. ನಮ್ಮ ಮಲೆನಾಡಲ್ಲಿ ಪೈಪ್ ಹೆಪ್ಪುಗಟ್ಟುವ ಚಳಿ ಇಲ್ಲ. ನಮ್ಮ ಕಾಟ ತುಕ್ಕು ಮತ್ತು ಕೆಸರು, ಅದಕ್ಕೆ ಆಲ್ಕೋಹಾಲ್ ಏನೂ ಮಾಡುವುದಿಲ್ಲ. ಮೇಲಿಂದ ಡ್ರೈಯರ್ ಕಾಳು, ರಬ್ಬರ್ ಸೀಲ್ ಹಾಳು.

ಇಷ್ಟು ಕೆಲಸ ಮುಗಿಯುವ ತನಕ ಹುಲಿಕಲ್ ಘಾಟಿ ಇಳಿಸಬೇಡಿ. ಆಮೇಲೂ ಮೊದಲು ಊರ ಸುತ್ತ ಇಪ್ಪತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ನಾಲ್ಕೂ ಡ್ರಮ್ ಹತ್ತಿರ ಕೈ ಹಿಡಿದು ನೋಡಿ. ಯಾವುದಾದರೂ ಒಂದು ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿಂದಲೇ ಗ್ಯಾರೇಜಿಗೆ ತಿರುಗಿಸಿ.