ಹಸಿರು ಪ್ರಶ್ನೋತ್ತರ: ತೂತು ಬಿದ್ದ ಎಲೆಗಳು

ಪ್ರಶ್ನೆ: ಮನೆಯ ಸುತ್ತ ಐದು ವರ್ಷಗಳಿಂದ ಬಗೆಬಗೆಯ ಹೂಗಿಡಗಳನ್ನು ಬೆಳೆಸಿದ್ದೇನೆ. ವರ್ಷವಿಡೀ ಹೂವಿರುತ್ತದೆ, ಒಂದು ಎಲೆಗೂ ಹುಳು ಬಿದ್ದಿಲ್ಲ ಎಂಬ ಸಮಾಧಾನವೂ ಇದೆ. ಆದರೆ ಚಿಟ್ಟೆಗಳು ಬಂದು ಹಾಗೆಯೇ ಹೊರಟುಹೋಗುತ್ತವೆ, ಹಕ್ಕಿಗಳು ಗೂಡು ಕಟ್ಟುವುದೇ ಇಲ್ಲ. ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ: ಎಲೆಗೆ ಹುಳು ಬಿದ್ದಿಲ್ಲವೆಂದು ನೀವು ಸಮಾಧಾನದಿಂದ ಬರೆದ ಮಾತಿನಲ್ಲೇ ಉತ್ತರವಿದೆ. ಚಿಟ್ಟೆ ಮಕರಂದಕ್ಕಾಗಿ ಯಾವ ಊರಿನ ಹೂವಿಗಾದರೂ ಬಂದೀತು. ಮೊಟ್ಟೆಯಿಡುವಾಗ ಮಾತ್ರ ಅದು ಬಹಳ ಕಟ್ಟುನಿಟ್ಟು. ಗಿಡಗಳು ತಮ್ಮ ಎಲೆಯನ್ನು ಉಳಿಸಿಕೊಳ್ಳಲು ಕಹಿಯನ್ನೋ ವಿಷವನ್ನೋ ತುಂಬಿಕೊಂಡಿರುತ್ತವೆ. ಒಂದೊಂದು ಗಿಡದ ವಿಷವನ್ನು ಜೀರ್ಣಿಸಿಕೊಳ್ಳುವ ವಿದ್ಯೆಯನ್ನು ಅದೇ ನೆಲದ ಕೆಲವೇ ಕೀಟಗಳು ಯುಗಯುಗಗಳ ಒಡನಾಟದಲ್ಲಿ ಕಲಿತಿವೆ. ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಯ ಮರಿಹುಳು ಎಕ್ಕದ ಬಳಗಕ್ಕೆ ಸೇರಿದ ಮಿಲ್ಕ್‌ವೀಡ್ ಗಿಡಗಳನ್ನು ಬಿಟ್ಟರೆ ಬೇರೇನನ್ನೂ ತಿಂದು ಬೆಳೆಯಲಾರದು. ಆ ಗಿಡ ಇಲ್ಲದ ತೋಟದಲ್ಲಿ ಸಾವಿರ ಹೂವು ಅರಳಿದರೂ ಮೊನಾರ್ಕ್‌ಗೆ ಅದು ದಾರಿಯ ನಡುವಿನ ತಂಗುದಾಣವಷ್ಟೇ. ದೂರದ ಖಂಡಗಳಿಂದ ತಂದ ಅಲಂಕಾರದ ಗಿಡಗಳಿಗೆ ಹುಳು ಬೀಳದಿರುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ: ಅವುಗಳನ್ನು ತಿನ್ನಬಲ್ಲವರು ಹುಟ್ಟೂರಿನಲ್ಲೇ ಉಳಿದಿದ್ದಾರೆ.

ಹಕ್ಕಿಗಳ ವಿಷಯವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಕಾಳು, ಹಣ್ಣು ತಿಂದು ಬದುಕುವ ಎಷ್ಟೋ ಹಕ್ಕಿಗಳು ಮರಿಗಳಿಗೆ ತಂದುಣಿಸುವುದು ಮೆತ್ತನೆಯ ಹುಳುಗಳನ್ನೇ. ಅಮೆರಿಕದ ಕೀಟಶಾಸ್ತ್ರಜ್ಞ ಡಗ್ಲಸ್ ಟ್ಯಾಲಮಿ ಅವರು ಮುಷ್ಟಿಯಲ್ಲಿ ಹಿಡಿಯುವಷ್ಟು ಪುಟ್ಟದಾದ ಚಿಕಡೀ ಹಕ್ಕಿಯ ಬಗ್ಗೆ ಹೇಳುವ ಲೆಕ್ಕ ಬೆರಗು ಹುಟ್ಟಿಸುವಂಥದ್ದು. ಒಂದು ಗೂಡಿನ ಮರಿಗಳು ಹಾರುವ ಹಂತಕ್ಕೆ ಬರುವಷ್ಟರಲ್ಲಿ ತಂದೆತಾಯಿ 6,000ದಿಂದ 9,000 ಮರಿಹುಳುಗಳನ್ನು ಹುಡುಕಿ ತರಬೇಕಾಗುತ್ತದೆ. ವಾಷಿಂಗ್ಟನ್ ನಗರದ ಸುತ್ತಲಿನ ಮನೆಯಂಗಳಗಳಲ್ಲಿ ಅವರೂ ಅವರ ಸಂಗಡಿಗರೂ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಗಳದ ಒಟ್ಟು ಸಸ್ಯರಾಶಿಯಲ್ಲಿ ಹೊರಗಿನವು ಶೇಕಡಾ 30ಕ್ಕಿಂತ ಕಡಿಮೆ ಇರುವಲ್ಲಿ ಮಾತ್ರ ಈ ಹಕ್ಕಿಗಳ ಸಂತತಿ ಕುಗ್ಗದೆ ಉಳಿಯಬಲ್ಲದು. ಇದು ಒಂದು ಪ್ರದೇಶದ, ಒಂದು ಜಾತಿಯ ಹಕ್ಕಿಯ ಮಾತು. ಎಲ್ಲ ಕಡೆಗೂ ಇದನ್ನೇ ಅಳತೆಗೋಲಾಗಿ ಹಿಡಿಯಬೇಕಿಲ್ಲ. ಆದರೂ ನಿಮ್ಮ ಅಕ್ಕರೆಯ ವಿದೇಶಿ ಗಿಡಗಳನ್ನೆಲ್ಲ ಕಿತ್ತೆಸೆಯಬೇಕಾಗಿಲ್ಲ ಎಂಬ ಸಮಾಧಾನವೂ ಇದರಲ್ಲಿದೆ ಎಂದು ನನಗನ್ನಿಸುತ್ತದೆ.

ಮೊದಲು ತೆಗೆಯಬೇಕಾದದ್ದು ಬೇಲಿ ದಾಟಿ ಹಬ್ಬುವ ಗಿಡಗಳನ್ನು. ಲಂಟಾನಾ ತನ್ನ ತವರಾದ ಅಮೆರಿಕದ ಉಷ್ಣವಲಯದಲ್ಲಿ ಇತರ ಪೊದೆಗಳ ನಡುವಿನ ಒಂದು ಪೊದೆ. ಅದೇ ಗಿಡ ಆಫ್ರಿಕ, ಏಷ್ಯ, ಆಸ್ಟ್ರೇಲಿಯಗಳ ಕಾಡುಗಳಲ್ಲಿ ನೆಲವನ್ನೆಲ್ಲ ಆವರಿಸಿ ಬೇರೆ ಸಸಿ ಮೇಲೇಳದಂತೆ ಮಾಡಿದೆ. ಹೀಗೆ ತೆರವಾದ ಜಾಗಕ್ಕೆ ನಿಮ್ಮ ನೆಲದ ಮರ, ಪೊದೆ, ಬಳ್ಳಿ, ಹುಲ್ಲುಗಳನ್ನು ವರ್ಷಕ್ಕಿಷ್ಟರಂತೆ ತನ್ನಿರಿ. ದಳದೊಳಗೆ ದಳ ತುಂಬಿದ ಸುತ್ತುಹೂವಿನ ತಳಿಗಳನ್ನು ಆದಷ್ಟು ಬಿಡಿ. ಅವುಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುವುದರಿಂದ ಜೇನುಗಳಿಗೆ ಪರಾಗ ಸಿಗುವುದು ಅಪರೂಪ.

ನಿಂಬೆ ಗಿಡವಿದ್ದರೆ ಒಂದು ಬೆಳಿಗ್ಗೆ ಅದರ ಚಿಗುರನ್ನು ಹತ್ತಿರದಿಂದ ನೋಡಿ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ ಬಣ್ಣದ ಚೂರೊಂದು ಅಂಟಿಕೊಂಡಿದ್ದರೆ ಅದು ನಿಂಬೆ ಚಿಟ್ಟೆಯ ಎಳೆಯ ಹುಳುವಿರಬಹುದು. ಬೆಳೆದಂತೆ ಅದು ಎಲೆಯ ಹಸಿರಿಗೇ ತಿರುಗುತ್ತದೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಗಿತ್ತಳೆ ಬಣ್ಣದ ಕವಲುಕೋಡನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ. ಅದು ಕಚ್ಚಿದ ಎಲೆಯ ಅಂಚಿನ ಅರೆಚಂದ್ರಾಕಾರದ ಗುರುತನ್ನು ಕಂಡು ಔಷಧಿ ಸಿಂಪಡಿಸಲು ಹೋಗದಿರುವುದೇ ನೀವು ಇಡಬಹುದಾದ ಮೊದಲ ಹೆಜ್ಜೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಖಾಲಿ ಬಿದ್ದಿರುವ ಅರ್ಧ ಎಕರೆಯಲ್ಲಿ ಮಿಯಾವಾಕಿ ಪದ್ಧತಿಯಂತೆ ದಟ್ಟ ಕಾಡು ಬೆಳೆಸಬೇಕೆಂದು ನಿವಾಸಿಗಳು ತೀರ್ಮಾನಿಸಿದ್ದಾರೆ. ಇದು ಸರಿಯಾದ ಕ್ರಮವೇ?

ಉತ್ತರ: ಅಲ್ಲಿ ಹಿಂದೆ ಏನಿತ್ತು ಎಂಬುದನ್ನು ತಿಳಿಯದೆ ಹೌದೆನ್ನಲು ನನಗೆ ಧೈರ್ಯವಿಲ್ಲ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ (1928–2021) ಅವರ ಹೆಸರು ಹೇಳಿದೊಡನೆ ಎಲ್ಲರಿಗೂ ನೆನಪಾಗುವುದು ಒತ್ತೊತ್ತಾಗಿ ನೆಟ್ಟ ಸಸಿಗಳು. ಆದರೆ ಅವರ ಕೆಲಸ ಆರಂಭವಾಗುತ್ತಿದ್ದುದು ಸುತ್ತಾಟದಿಂದ. ದೇಗುಲಗಳ ಸುತ್ತ ತಲೆತಲಾಂತರದಿಂದ ಉಳಿದುಬಂದ ತೋಪುಗಳನ್ನು ನೋಡಿ, ಮನುಷ್ಯರ ಕೈ ತಾಗದಿದ್ದರೆ ಆ ನೆಲದಲ್ಲಿ ಸಹಜವಾಗಿ ಯಾವ ಮರಗಳು ಬೆಳೆಯುತ್ತಿದ್ದವು ಎಂಬುದನ್ನು ಅವರು ಮೊದಲು ಗೊತ್ತುಮಾಡಿಕೊಳ್ಳುತ್ತಿದ್ದರು. ಆ ಹುಡುಕಾಟವನ್ನು ಬಿಟ್ಟು ನರ್ಸರಿಯಲ್ಲಿ ಸಿಕ್ಕಿದ ಸಸಿಗಳನ್ನು ಒತ್ತಾಗಿ ನೆಟ್ಟರೆ ಅದಕ್ಕೆ ಅವರ ಹೆಸರು ಸಲ್ಲುವುದಿಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ನಿಮ್ಮ ಜಾಗ ಮೂಲತಃ ಹುಲ್ಲುಗಾವಲೋ ಜೌಗುನೆಲವೋ ಆಗಿದ್ದರೆ ಅಲ್ಲಿ ಮರ ನೆಡುವುದೇ ಹಾನಿ. ಬಿಸಿಲು ಬೇಡುವ ಹುಲ್ಲು, ಅದರ ನಡುವೆ ಅರಳುವ ಗಡ್ಡೆಗಿಡಗಳು, ನೆಲದ ಮೇಲೆ ಗೂಡು ಮಾಡುವ ಹಕ್ಕಿಗಳು ನೆರಳಿನಲ್ಲಿ ಉಳಿಯಲಾರವು. ಹಸಿರೆಂದರೆ ಮರವೆಂದು ನಂಬಿದ ನಮ್ಮ ಕಣ್ಣಿಗೆ ಇಂಥ ನೆಲವೆಲ್ಲ ಪಾಳು ಭೂಮಿಯಾಗಿ ಕಾಣುತ್ತದೆ. ಈ ತಪ್ಪಿನಿಂದ ಕಳೆದುಕೊಂಡದ್ದು ಬಹಳ ಎಂಬ ನೋವು ನನಗಿದೆ. ಆದ್ದರಿಂದ ಒಂದು ವರ್ಷ ಆ ಜಾಗವನ್ನು ಸುಮ್ಮನೆ ಗಮನಿಸಿ. ಮಳೆಯ ನೀರು ಎಲ್ಲಿ ನಿಲ್ಲುತ್ತದೆ, ತಾನಾಗಿ ಏನು ಚಿಗುರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ, ಊರಿನ ಹಿರಿಯರನ್ನೂ ಹತ್ತಿರದ ಸಸ್ಯತಜ್ಞರನ್ನೂ ಕೇಳಿ. ಬೀಜವನ್ನು ಸಮೀಪದ ಹಲವು ತಾಯಿಗಿಡಗಳಿಂದ ಸ್ವಲ್ಪ ಸ್ವಲ್ಪವೇ ಆಯ್ದುಕೊಳ್ಳಿ. ಅದೇ ಜಾತಿಯದಾದರೂ ದೂರದ ಹವೆಗೆ ಒಗ್ಗಿದ ಬೀಜ ನಿಮ್ಮಲ್ಲಿ ಸೊರಗಬಹುದು. ನೆಟ್ಟ ಮೊದಲ ಎರಡು ಮೂರು ವರ್ಷ ಕಳೆ ಕೀಳಲು ಜನ ಬರುತ್ತಾರೆಂಬ ಭರವಸೆಯಿದ್ದರೆ ಮಾತ್ರ ಇಡೀ ಅರ್ಧ ಎಕರೆಗೆ ಕೈ ಹಾಕಿ. ಇಲ್ಲವಾದರೆ ಒಂದು ಮೂಲೆಯಿಂದ ಆರಂಭಿಸಿ.

ಪ್ರಶ್ನೆ: ತರಗೆಲೆ ಗುಡಿಸದೆ, ಹುಲ್ಲು ಕತ್ತರಿಸದೆ ಬಿಟ್ಟಿದ್ದಕ್ಕೆ ನೆರೆಯವರು ಅಂಗಳ ಹಾಳು ಸುರಿಯುತ್ತಿದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಅವರ ಕಣ್ಣಿಗೆ ಆರೈಕೆಯ ಗುರುತು ಕಾಣುವಂತೆ ಮಾಡಿ. ಅಂಚಿನ ಒಂದು ಅಡಿ ಹುಲ್ಲನ್ನು ನೀಟಾಗಿ ಕತ್ತರಿಸಿ, ನಡುವೆ ಕಾಲುದಾರಿ ಬಿಡಿ, ಗಿಡಗಳ ಹೆಸರು ಬರೆದ ಚಿಕ್ಕ ಫಲಕಗಳನ್ನು ನೆಡಿ. ನಡೆದಾಡುವ ಜಾಗದ ತರಗೆಲೆಯನ್ನು ಗುಡಿಸಿ ಮರದ ಬುಡಕ್ಕೆ ಹಾಕಿದರೆ ಸಾಕು, ಅದರೊಳಗಿನ ಕೀಟಗಳ ಮೊಟ್ಟೆಗಳೂ, ಹುಳು ಚಿಟ್ಟೆಯಾಗಿ ಮಾರ್ಪಡುವಾಗ ಅಡಗಿರುವ ಕೋಶಗಳೂ ಉಳಿಯುತ್ತವೆ. ಬಿಸಿಲು ಬೀಳುವ ಒಂದೆರಡು ಚದರಡಿ ನೆಲವನ್ನು ಹೊದಿಕೆಯಿಲ್ಲದೆ ಬರಿದಾಗಿಯೂ ಬಿಡಿ. ಲೋಕದ ಜೇನುನೊಣ ಜಾತಿಗಳಲ್ಲಿ ಹೆಚ್ಚಿನವು ಹುಟ್ಟು ಕಟ್ಟದೆ ಮಣ್ಣಿನಲ್ಲೇ ಬಿಲ ತೋಡಿ ಒಂಟಿಯಾಗಿ ಸಂಸಾರ ಮಾಡುವಂಥವು.

ಪ್ರಶ್ನೆ: ನಮ್ಮದು ಮೂರನೆಯ ಮಹಡಿಯ ಮನೆ. ಇರುವುದು ಬಾಲ್ಕನಿಯಷ್ಟೇ.

ಉತ್ತರ: ನಿಮ್ಮ ಭಾಗದ ಯಾವುದಾದರೂ ಒಂದು ಚಿಟ್ಟೆಯನ್ನು ಆರಿಸಿ, ಅದರ ಹುಳು ತಿನ್ನುವ ಗಿಡವನ್ನೇ ಎರಡು ಕುಂಡಗಳಲ್ಲಿ ಬೆಳೆಸಿ. ಎರಡೇಕೆಂದರೆ, ಒಂದು ಕುಂಡವನ್ನು ಹುಳುಗಳು ಕೆಲವೇ ದಿನಗಳಲ್ಲಿ ಬೋಳಾಗಿಸುತ್ತವೆ. ಗಿಡ ಕೊಳ್ಳುವಾಗ ಕೀಟನಾಶಕ ಹಾಕಿದ್ದಾರೆಯೇ ಎಂದು ಕೇಳಲು ಮರೆಯಬೇಡಿ, ಏಕೆಂದರೆ ಬೇರಿನಿಂದ ಏರಿ ಎಲೆ, ಪರಾಗಗಳಲ್ಲಿ ಸೇರಿಕೊಳ್ಳುವ ಔಷಧಿಗಳನ್ನು ತೊಳೆದು ತೆಗೆಯಲಾಗದು. ಬೆಳೆದ ಹುಳು ಒಂದು ದಿನ ಕಾಣೆಯಾದರೆ ಗಾಬರಿಯಾಗದೆ ಕಡ್ಡಿಗಳ ನಡುವೆ, ಕುಂಡದ ಅಂಚಿನ ಕೆಳಗೆ, ಗೋಡೆಯ ಮೂಲೆಯಲ್ಲಿ ಹುಡುಕಿ. ಕೋಶ ಕಂಡುಬಂದರೆ ಚಿಟ್ಟೆ ಹೊರಬರುವವರೆಗೂ ಆ ಕುಂಡವನ್ನು ಸರಿಸಬೇಡಿ.