ಕೂದಲು ಕಟ್ಟಿದ ಬಚ್ಚಲಿಗೆ ಆಸಿಡೋ, ಪೌಡರೋ, ಲಿಕ್ವಿಡೋ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಉಡುಪಿಯ ಕುಂಜಿಬೆಟ್ಟಿನ ಬಾಡಿಗೆ ಮನೆಯಲ್ಲಿ ನೀವು, ಅಮ್ಮ ಮತ್ತು ಅಕ್ಕ ಇದ್ದೀರಿ, ಮೂವರಿಗೂ ಉದ್ದ ಕೂದಲು, ತಲೆಗೆ ಮಿಂದ ದಿನ ಬಚ್ಚಲಿನಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು ನಿಂತು, ಇಳಿಯಲು ಕಾಲು ಗಂಟೆ ಹಿಡಿಯುತ್ತದೆ. ಅಂಗಡಿಯವರು ಆಸಿಡ್ ಬಾಟಲಿ, ಪೌಡರ್ ಪೊಟ್ಟಣ, ಲಿಕ್ವಿಡ್ ಮೂರನ್ನೂ ತೋರಿಸಿದ್ದಾರೆ. ಮನೆಗೆ ಸೆಪ್ಟಿಕ್ ಟ್ಯಾಂಕ್ ಇರುವುದರಿಂದ ಯಾವುದನ್ನು ಕೊಂಡರೆ ತೊಂದರೆಯಿಲ್ಲ ಎಂದು ಕೇಳಿದ್ದೀರಿ.

ಈ ಮೂರನ್ನೂ ಸದ್ಯಕ್ಕೆ ಅಂಗಡಿಯಲ್ಲೇ ಬಿಟ್ಟು, ಕೂದಲನ್ನು ಎಳೆದು ತೆಗೆಯುವ ಪ್ಲಾಸ್ಟಿಕ್ ಮುಳ್ಳುಪಟ್ಟಿಯನ್ನು ಮೊದಲು ಕೊಳ್ಳಿ ಎಂಬುದು ನನ್ನ ಸಲಹೆ. ಅದರಿಂದ ಮುಕ್ಕಾಲು ಕೆಲಸ ಆಗುತ್ತದೆ. ಆಮೇಲೂ ನೀರು ನಿಧಾನವಾಗಿ ಇಳಿಯುತ್ತಿದ್ದರೆ ಕಾಸ್ಟಿಕ್ ಸೋಡಾ ಇರುವ ಪೌಡರನ್ನು ಒಂದು ಬಾರಿ ಬಳಸಬಹುದು. ಆಸಿಡ್ ಮಾತ್ರ ಬೇಡವೇ ಬೇಡ.

ನಾನು ಮಂಗಳೂರಿನ ಬಿಜೈಯಲ್ಲಿ ಇರುವವಳು. ಪದವಿಪೂರ್ವ ಕಾಲೇಜಿನಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದ್ದೇನೆ. ಈಗ ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಐವರು ಹೆಣ್ಣುಮಕ್ಕಳು ಬಾಡಿಗೆಗಿದ್ದಾರೆ. ಐವರೂ ಒಂದೇ ಬಚ್ಚಲನ್ನು ಬಳಸುವುದರಿಂದ ನಿಮ್ಮ ತೊಂದರೆ ನಮ್ಮ ಮನೆಯಲ್ಲಿ ಎರಡು ತಿಂಗಳಿಗೊಮ್ಮೆ ತಲೆದೋರುತ್ತಿತ್ತು, ಮತ್ತು ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಸಾಮಾನುಗಳನ್ನು ನಾನು ಒಂದಲ್ಲ ಒಂದು ಬಾರಿ ಬಳಸಿ ನೋಡಿದ್ದೇನೆ.

ಯಾವುದನ್ನು ಕೊಳ್ಳಬೇಕೆಂದು ತಿಳಿಯಲು ಕೊಳವೆಯೊಳಗೆ ಏನಿದೆ ಎಂಬುದು ಗೊತ್ತಿರಬೇಕು. ನೆಲದ ಜಾಲರಿಯ ಕೆಳಗೆ ಬಟ್ಟಲಿನ ಹಾಗಿರುವ ಒಂದು ಭಾಗವಿದೆ. ಪ್ಲಂಬರುಗಳು ಅದನ್ನು ನಹನಿ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಯಾವಾಗಲೂ ಸುಮಾರು 50 ಮಿಲಿಮೀಟರಿನಷ್ಟು ನೀರು ನಿಂತಿರಬೇಕು. ಸೆಪ್ಟಿಕ್ ಟ್ಯಾಂಕಿನ ವಾಸನೆಯೂ ಜಿರಳೆಗಳೂ ಮೇಲೆ ಬಾರದಂತೆ ತಡೆಯುವುದು ಆ ನೀರೇ. ಒಬ್ಬ ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ, ತಲೆಗೆ ಮಿಂದ ದಿನ ಇನ್ನೂ ಹೆಚ್ಚು. ಅವು ಟ್ರ್ಯಾಪಿನ ತಿರುವಿನಲ್ಲಿ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ, ಅದರ ಮೇಲೆ ಸಾಬೂನಿನ ಜಿಡ್ಡೂ ತಲೆಯ ಎಣ್ಣೆಯೂ ಮೆತ್ತಿಕೊಳ್ಳುತ್ತವೆ, ಹೀಗೆ ಬಲೆಯಂತಾದ ಉಂಡೆ ಆಮೇಲೆ ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ದಾಸವಾಳದ ಎಲೆಯ ಗೊಂಪು (ಎಲೆ ಕಿವುಚಿ ತೆಗೆದ ಲೋಳೆ) ಹಾಕಿ ಮೀಯುವವರ ಬಚ್ಚಲಿನಲ್ಲಿ ಎಲೆಯ ನಾರು, ಮಲ್ಲಿಗೆ ಮುಡಿಯುವವರ ಬಚ್ಚಲಿನಲ್ಲಿ ಹೂ ಕಟ್ಟಿದ ಬಾಳೆನಾರು ಕೂದಲಿನ ಜೊತೆ ಹೆಣೆದುಕೊಂಡಿರುತ್ತದೆ.

ಈ ನಾರಿನ ಮಾತು ಏಕೆ ಮುಖ್ಯವೆಂದು ಹೇಳುತ್ತೇನೆ. ಕೂದಲು ಎಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಗಂಧಕದ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ. ಈ ಬಂಧಗಳನ್ನು ಮುರಿಯುವ ಶಕ್ತಿ ಕ್ಷಾರಕ್ಕಿದೆ, ಆದ್ದರಿಂದ ಕಾಸ್ಟಿಕ್ ಸೋಡಾ ಕೂದಲನ್ನು ಮೆತ್ತಗೆ ಮಾಡಿ ಮೆಲ್ಲನೆ ಕರಗಿಸುತ್ತದೆ; ಎಣ್ಣೆ ಮತ್ತು ಜಿಡ್ಡನ್ನಂತೂ ಸಾಬೂನನ್ನಾಗಿ ಮಾರ್ಪಡಿಸಿ ನೀರಿನೊಂದಿಗೆ ಸಾಗಿಸುತ್ತದೆ. ಆದರೆ ಬಾಳೆನಾರು ಪ್ರೋಟೀನಲ್ಲ, ಸೆಲ್ಯುಲೋಸ್. ಕಾಸ್ಟಿಕ್ ಸೋಡಾ ಅದನ್ನು ಕರಗಿಸಲಾರದು. ಎಷ್ಟೇ ದುಬಾರಿ ಪೌಡರ್ ಸುರಿದರೂ ನಾರಿನ ಹುರಿ ಅಲ್ಲೇ ಉಳಿದು, ಮುಂದಿನ ವಾರದ ಕೂದಲಿಗೆ ಆಸರೆಯಾಗುತ್ತದೆ. ಅದನ್ನು ಎಳೆದೇ ತೆಗೆಯಬೇಕು.

ಅಂಗಡಿಯವರು ಆಸಿಡ್ ಎಂದು ಕೊಡುವುದು ಸಾಮಾನ್ಯವಾಗಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ಟೈಲ್ಸಿನ ಮೇಲಿನ ಸುಣ್ಣದ ಕಲೆಗೆ ಅದು ಆಗುತ್ತದೆ, ಕೂದಲಿಗೆ ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ಈ ಆಮ್ಲದಿಂದ ಪೂರ್ತಿ ಒಡೆಯಬೇಕಾದರೆ 6 ನಾರ್ಮಲ್ ಸಾಂದ್ರತೆಯ ಆಮ್ಲದಲ್ಲಿಟ್ಟು 110 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 24 ಗಂಟೆ ಕಾಯಿಸುತ್ತಾರೆ. ಬಚ್ಚಲಿನ ತಣ್ಣನೆಯ ಕೊಳವೆಯಲ್ಲಿ ಅರ್ಧ ಗಂಟೆ ನಿಂತ ಆಸಿಡ್ ಕೂದಲಿಗೆ ಏನೂ ಮಾಡುವುದಿಲ್ಲ, ಆದರೆ ಟೈಲ್ಸಿನ ಸಂದಿನ ಸಿಮೆಂಟನ್ನು ತಿನ್ನುತ್ತದೆ, ಸ್ಟೀಲಿನ ಜಾಲರಿಗೆ ತುಕ್ಕು ಹಿಡಿಸುತ್ತದೆ, ಅದರ ಹೊಗೆ ಎದೆಗೆ ಕೆಟ್ಟದ್ದು. ಸಾಂದ್ರ ಗಂಧಕಾಮ್ಲ ಕೂದಲನ್ನು ಸುಟ್ಟು ಕರಗಿಸುತ್ತದೆ ನಿಜ, ಆದರೆ ಅದು ಮನೆಯೊಳಗೆ ತರುವ ವಸ್ತುವೇ ಅಲ್ಲ. ಆಸಿಡಿನ ಬಿಡಿ ಮಾರಾಟಕ್ಕೆ ಸುಪ್ರೀಂ ಕೋರ್ಟ್ 2013ರಲ್ಲಿ ಕಟ್ಟುನಿಟ್ಟಿನ ನಿರ್ಬಂಧ ಹಾಕಿದ್ದನ್ನು ಅಂಗಡಿಯವರಿಗೂ ನೆನಪಿಸಬೇಕಾಗಿದೆ.

ಇನ್ನು ಮುಳ್ಳುಪಟ್ಟಿಯ ವಿಚಾರ. ಸುಮಾರು ಒಂದೂವರೆ ಅಡಿ ಉದ್ದದ, ಬೆರಳಿಗಿಂತ ತೆಳ್ಳಗಿನ, ಎರಡೂ ಅಂಚಿಗೆ ಹಿಮ್ಮುಖವಾದ ಮುಳ್ಳುಗಳಿರುವ ಬಾಗುವ ಪ್ಲಾಸ್ಟಿಕ್ ಪಟ್ಟಿ ಇದು. ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಕೊಳ್ಳುವಾಗ ಪಟ್ಟಿಯನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಬಗ್ಗಿಸಿದಲ್ಲಿ ಬಿಳಿಗೆರೆ ಮೂಡಿದರೆ ಆ ಪ್ಲಾಸ್ಟಿಕ್ ಟ್ರ್ಯಾಪಿನೊಳಗೆ ಮುರಿದು, ಇನ್ನೊಂದು ಅಡ್ಡಿಯಾಗಿ ಉಳಿಯುತ್ತದೆ. ಕೈಗವಸು ಹಾಕಿಕೊಂಡು, ಜಾಲರಿಯನ್ನು ಸ್ಕ್ರೂಡ್ರೈವರಿನಿಂದ ಮೆಲ್ಲನೆ ಎಬ್ಬಿಸಿ, ಟ್ರ್ಯಾಪಿನೊಳಗೆ ಬಿಡಿಯಾದ ಬಟ್ಟಲು ಕೂತಿದ್ದರೆ ಅದನ್ನೂ ಹೊರತೆಗೆಯಿರಿ. ಅರ್ಧದಷ್ಟು ಕೂದಲು ಆ ಬಟ್ಟಲಿಗೇ ಸುತ್ತಿಕೊಂಡಿರುವುದನ್ನು ನೋಡುತ್ತೀರಿ. ಆಮೇಲೆ ಪಟ್ಟಿಯನ್ನು ತಿರುವಿನವರೆಗೆ ಇಳಿಸಿ, ಎರಡು ಸುತ್ತು ತಿರುಗಿಸಿ, ಅವಸರ ಮಾಡದೆ ಒಂದೇ ಸಮನೆ ಮೇಲಕ್ಕೆಳೆಯಿರಿ.

ಮೊದಲ ಸಲ ಹೀಗೆ ಎಳೆದಾಗ ನನ್ನ ಕೈಗೆ ಬಂದದ್ದು ಮೊಳದಷ್ಟು ಉದ್ದದ, ಹೆಬ್ಬೆರಳು ದಪ್ಪದ ಹುರಿ. ಹೊರಗೆ ಬೂದುಬಣ್ಣದ ಲೋಳೆ, ಒಳಗೆ ಕಪ್ಪು ಕೂದಲು. ಹಳೆಯ ಬಕೆಟ್ಟಿನ ನೀರಿನಲ್ಲಿ ಅದ್ದಿ ಕೋಲಿನಿಂದ ಬಿಡಿಸಿ ನೋಡಿದೆ. ನಡುವೆ ಮಲ್ಲಿಗೆ ಕಟ್ಟಿದ್ದ ಬಾಳೆನಾರು, ಹೂವಿನ ಒಂದು ಎಸಳೂ ಉಳಿದಿಲ್ಲದಿದ್ದರೂ, ಗಂಟುಗಳ ಸಮೇತ ಹಾಗೆಯೇ ಇತ್ತು. ಅದಕ್ಕೆ ಒಂದು ತುಕ್ಕು ಹಿಡಿದ ಹೇರ್‌ಪಿನ್ ಸಿಕ್ಕಿಕೊಂಡಿತ್ತು. ಆ ಹಿಂದಿನ ಆರು ತಿಂಗಳಲ್ಲಿ ನಾನು ಅದೇ ಕೊಳವೆಗೆ ನಾಲ್ಕು ಪೊಟ್ಟಣ ಪೌಡರ್ ಸುರಿದಿದ್ದೆ. ಪ್ರತಿ ಸಲವೂ ಹೊರಗಿನ ಜಿಡ್ಡು ಕರಗಿ ಕೆಲವು ವಾರ ನೀರು ಹರಿದು, ಮತ್ತೆ ಕಟ್ಟಿಕೊಳ್ಳುತ್ತಿದ್ದುದು ಏಕೆಂದು ಅಂದು ಕಣ್ಣಾರೆ ಕಂಡೆ.

ಕೂದಲು ತೆಗೆದ ಮೇಲೆ ಒಂದು ಬಕೆಟ್ ಬೆಚ್ಚಗಿನ ನೀರನ್ನು ಒಮ್ಮೆಲೇ ಸುರಿಯಿರಿ. ಹಂಡೆಯಿಂದ ಕುದಿಯುವ ನೀರನ್ನು ನೇರವಾಗಿ ಹಾಕಬೇಡಿ. ಪಿವಿಸಿ ಕೊಳವೆ ಅಷ್ಟು ಬಿಸಿಗೆ ಮೆದುವಾಗಿ, ಜೋಡಣೆಗಳು ಸಡಿಲಗೊಳ್ಳಬಹುದು.

ನೀರು ಇನ್ನೂ ತಡೆಯುತ್ತಿದ್ದರೆ ಪೌಡರಿನ ಸರದಿ. ಹಾರ್ಪಿಕ್ ಡ್ರೇನ್ ಎಕ್ಸ್‌ಪರ್ಟಿನಂಥ 50 ಗ್ರಾಂ ಪೊಟ್ಟಣಗಳು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುತ್ತವೆ. ಹೆಸರಿಗಿಂತ ಮುಖ್ಯವಾಗಿ, ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಎಂದಿದೆಯೇ ಎಂದು ನೋಡಿಕೊಳ್ಳಿ. ಅದೇ ಕಾಸ್ಟಿಕ್ ಸೋಡಾ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಹಾರ್ಪಿಕ್ ಎಂಬ ಹೆಸರಿನಲ್ಲೇ ಬರುವ ಟಾಯ್ಲೆಟ್ ಕ್ಲೀನರ್ ಬಾಟಲಿಯಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಒಂದು ಆಮ್ಲ, ಇನ್ನೊಂದು ಕ್ಷಾರ. ಎರಡನ್ನೂ ಒಟ್ಟಿಗೆ ಸುರಿದರೆ ಕೆಲಸ ಇಮ್ಮಡಿಯಾಗುವುದಿಲ್ಲ. ಎರಡೂ ಒಂದನ್ನೊಂದು ಕೊಂದು, ಆ ಬಿಸಿಗೆ ದ್ರಾವಣ ಮುಖಕ್ಕೇ ಚಿಮ್ಮಬಹುದು. ಬ್ಲೀಚ್ ಇರುವ ಯಾವುದೇ ಕ್ಲೀನರಿಗೆ ಆಸಿಡ್ ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ನಮ್ಮ ಸಣ್ಣ ಕಿಟಕಿಯ ಬಚ್ಚಲುಗಳಲ್ಲಿ ಅದು ಪ್ರಾಣಕ್ಕೇ ಅಪಾಯ. ನಿಮ್ಮ ಬಚ್ಚಲಿಗೆ ಈಗಾಗಲೇ ಯಾರಾದರೂ ಆಸಿಡ್ ಹಾಕಿದ್ದರೆ, ಏಳೆಂಟು ಬಕೆಟ್ ನೀರು ಹರಿಸಿ ಒಂದು ದಿನ ಕಾದ ಮೇಲೆಯೇ ಪೌಡರ್ ಬಳಸಿ.

ಪೌಡರ್ ಬಳಸುವಾಗ ನಾನೂ ಒಂದು ತಪ್ಪು ಮಾಡಿದ್ದೇನೆ. ಹೆಚ್ಚು ಹಾಕಿದರೆ ಹೆಚ್ಚು ಕರಗೀತೆಂದು ಎರಡು ಪೊಟ್ಟಣವನ್ನು ಒಟ್ಟಿಗೆ ಸುರಿದು, ಒಂದು ಲೋಟ ನೀರು ಹಾಕಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಟ್ರ್ಯಾಪಿನ ತಳದಲ್ಲಿ ಬಿಳಿಯ ಕಲ್ಲು ಕೂತಿತ್ತು. ನೀರು ಸಾಲದೆ ಹೋದಾಗ ಕಾಸ್ಟಿಕ್ ಸೋಡಾ ತಾನೇ ಗಟ್ಟಿಯಾಗುತ್ತದೆ, ಜೊತೆಗೆ ತೆಂಗಿನೆಣ್ಣೆಯಿಂದಾದ ಸಾಬೂನೂ ಹೆಪ್ಪುಗಟ್ಟುತ್ತದೆ. ಅದನ್ನು ಬೆಚ್ಚಗಿನ ನೀರು ಹಾಕಿ ಹಾಕಿ ಕರಗಿಸುವುದಕ್ಕೆ ಎರಡು ದಿನ ಹಿಡಿಯಿತು, ಅಷ್ಟು ಹೊತ್ತೂ ಹುಡುಗಿಯರು ಕೆಳಗೆ ನಮ್ಮ ಬಚ್ಚಲಿಗೆ ಬಂದು ಮೀಯಬೇಕಾಯಿತು. ಆದ್ದರಿಂದ ಒಂದು ಸಲಕ್ಕೆ ಒಂದೇ ಪೊಟ್ಟಣ. ನೀರು, ಕಾಯುವ ಹೊತ್ತು ಎರಡೂ ಪೊಟ್ಟಣದ ಮೇಲೆ ಬರೆದಷ್ಟೇ. ಆ ಹೊತ್ತು ಮುಗಿದೊಡನೆ ನಾಲ್ಕೈದು ಬಕೆಟ್ ನೀರು. ನೆಲದ ಮೇಲೆ ನೀರು ನಿಂತಿರುವಾಗ ಪೌಡರ್ ಹಾಕಬೇಡಿ, ಅದು ಅಡ್ಡಿಯನ್ನು ಮುಟ್ಟುವ ಮೊದಲೇ ತೆಳುವಾಗಿ, ನೀವು ಕಾಲಿಡುವ ನೆಲದಲ್ಲೆಲ್ಲ ಹರಡುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರ ತರಬೇಡಿ. ಕಾಸ್ಟಿಕ್ ಸೋಡಾ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ.

ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವಸು ಇಲ್ಲದೆ ಪೊಟ್ಟಣ ಒಡೆಯಬಾರದು. ಕ್ಷಾರ ಕಣ್ಣಿಗೆ ಬಿದ್ದರೆ ಆಮ್ಲಕ್ಕಿಂತಲೂ ಆಳಕ್ಕೆ ಇಳಿಯುತ್ತದೆ. ಹಾಗೇನಾದರೂ ಆದರೆ ನಿಂಬೆರಸ, ವಿನೆಗರ್ ಎಂದು ಹುಡುಕುತ್ತ ಹೊತ್ತು ಕಳೆಯದೆ, ಹರಿಯುವ ನಲ್ಲಿ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಲಿಕ್ವಿಡ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಕಾಸ್ಟಿಕ್ ಸೋಡಾದ ಜೊತೆ ಬ್ಲೀಚ್ ಇರುತ್ತದೆ, ಮಂದವಾಗಿದ್ದರೆ ಅಡ್ಡಿಯ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕೂದಲಿನ ಮೇಲೆ ಇದು ಪೌಡರಿಗಿಂತ ಕಡಿಮೆಯೇನಲ್ಲ, ಎಚ್ಚರಿಕೆಗಳೂ ಅವೇ. ಇನ್ನೊಂದು ಎಂಜೈಮ್ ಅಥವಾ ಬ್ಯಾಕ್ಟೀರಿಯಾ ಇರುವ ಲಿಕ್ವಿಡ್. ಅದು ಸೆಪ್ಟಿಕ್ ಟ್ಯಾಂಕಿಗೆ ಒಳ್ಳೆಯದು, ಜಿಡ್ಡು ಕಟ್ಟದಂತೆ ತಡೆಯಲು ತಿಂಗಳಿಗೊಮ್ಮೆ ರಾತ್ರಿ ಹಾಕಬಹುದು. ಆದರೆ ಈಗಾಗಲೇ ಕಟ್ಟಿಕೊಂಡ ಕೂದಲನ್ನು ಅದು ಬಿಡಿಸುತ್ತದೆ ಎಂದು ನಂಬಿ ಕೊಳ್ಳಬೇಡಿ. ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ನೊರೆ ಬರಿಸುವ ವಿಧಾನವನ್ನು ಬಹಳ ಮಂದಿ ಹೇಳುತ್ತಾರೆ. ಆ ನೊರೆ ಬರೀ ಇಂಗಾಲದ ಡೈಆಕ್ಸೈಡ್. ಕೊನೆಗೆ ಉಳಿಯುವುದು ಉಪ್ಪುನೀರಿನಂಥ ದ್ರಾವಣ, ಕೂದಲಿಗೆ ಅದರಿಂದ ಏನೂ ಆಗದು.

ಸೆಪ್ಟಿಕ್ ಟ್ಯಾಂಕಿನ ಬಗ್ಗೆ ನಿಮ್ಮ ಚಿಂತೆ ಸರಿಯಾದದ್ದು. ಅದರೊಳಗಿನ ಬ್ಯಾಕ್ಟೀರಿಯಾಗಳೇ ಮಲಿನವನ್ನು ಜೀರ್ಣಿಸುವುದು. ಕ್ಷಾರ, ಬ್ಲೀಚ್ ಪದೇ ಪದೇ ಹೋದರೆ ಅವು ಸಾಯುತ್ತವೆ. ವರ್ಷಕ್ಕೆ ಒಂದೆರಡು ಪೊಟ್ಟಣ ಅಷ್ಟು ನೀರಿನಲ್ಲಿ ತೆಳುವಾಗಿ ಹೋಗುತ್ತದೆ, ಹೆದರಬೇಕಾಗಿಲ್ಲ. ವಾರಕ್ಕೊಮ್ಮೆ ಸುರಿಯುವ ಅಭ್ಯಾಸ ಬೇಡ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಚ್ಚಲು ನೀರು ಟ್ಯಾಂಕಿಗೆ ಹೋಗದೆ ನೇರವಾಗಿ ತೆಂಗಿನ ಬುಡಕ್ಕೆ ಹರಿಯುತ್ತದೆ. ನಿಮ್ಮದೂ ಹಾಗಿದ್ದರೆ ಪೌಡರ್ ಹಾಕಿದ ದಿನ ಆ ನೀರನ್ನು ಗಿಡಕ್ಕೆ ಬಿಡದೆ ಬೇರೆ ಕಡೆ ತಿರುಗಿಸಿ. ಈ ವಿಷಯವನ್ನು ಮನೆ ಮಾಲೀಕರಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮುಳ್ಳುಪಟ್ಟಿಯ ಜೊತೆ ಇನ್ನೊಂದು ವಸ್ತು ಕೊಳ್ಳುವಂತಿದ್ದರೆ, ಜಾಲರಿಯ ಮೇಲೆ ಇಡುವ ಸಣ್ಣ ತೂತುಗಳ ಸಿಲಿಕೋನ್ ಜಾಲರಿಯನ್ನು ಕೊಳ್ಳಿ. ನಮ್ಮ ಮೇಲಿನ ಬಚ್ಚಲಿಗೆ ಅದನ್ನು ಹಾಕಿದ ಮೇಲೆ, ಮಿಂದವರೇ ಅದರ ಮೇಲಿನ ಕೂದಲನ್ನು ಹೆಕ್ಕಿ ಕಸದ ಬುಟ್ಟಿಗೆ ಹಾಕುವುದೆಂದು ಹುಡುಗಿಯರೇ ಮಾತಾಡಿಕೊಂಡರು. ಮೀಯುವ ಮೊದಲು ತಲೆ ಬಾಚಿಕೊಂಡು, ಮಲ್ಲಿಗೆಯ ನಾರನ್ನು ಕೋಣೆಯಲ್ಲೇ ತೆಗೆದಿಡುತ್ತಾರೆ. ಕಳೆದ ವರ್ಷ ಪೌಡರ್ ಬಳಸಿದ್ದು ಒಂದೇ ಸಲ.

ಇಷ್ಟೆಲ್ಲ ಮಾಡಿದ ಮೇಲೂ ನೀರು ನಿಲ್ಲುತ್ತಿದ್ದರೆ ಬಚ್ಚಲಿನ ಕೊಳವೆ ಮನೆಯ ಹೊರಗೆ ಬಂದು ಸೇರುವ ಗುಂಡಿಯ, ಅಂದರೆ ಚೇಂಬರಿನ, ಮುಚ್ಚಳ ತೆಗೆಸಿ ನೋಡಿ. ಬಚ್ಚಲಿನಲ್ಲಿ ನೀರು ಬಿಟ್ಟಾಗ ಚೇಂಬರ್ ತುಂಬಿಯೇ ಇದ್ದರೆ ಅಡ್ಡಿ ಇರುವುದು ಆಚೆಗಿನ ಕೊಳವೆಯಲ್ಲಿ. ಮಳೆಗಾಲದಲ್ಲಿ ನೆಲವೇ ನೀರು ಕುಡಿದು ತುಂಬಿದಾಗ ಇಂಗುಗುಂಡಿ ಕೆಲಸ ಮಾಡದೆ ಹೀಗಾಗುವುದೂ ಉಂಟು, ಅದಕ್ಕೆ ಯಾವ ಪೌಡರೂ ಪರಿಹಾರವಲ್ಲ. ಚೇಂಬರ್ ಖಾಲಿಯಿದ್ದರೆ ಅಡ್ಡಿ ಟ್ರ್ಯಾಪಿಗೂ ಚೇಂಬರಿಗೂ ನಡುವೆ ಇದೆ, ಪ್ಲಂಬರ್ ಉದ್ದನೆಯ ಸ್ಪ್ರಿಂಗ್ ತಂತಿ ಹಾಕಿ ತೆಗೆಯಬೇಕಾಗುತ್ತದೆ. ಅವರು ಬಂದಾಗ ನೀವು ಯಾವ ದಿನ ಏನು ಸುರಿದಿದ್ದೀರಿ ಎಂಬುದನ್ನು ಅವರು ಕೊಳವೆಗೆ ಕೈ ಹಾಕುವ ಮೊದಲೇ ತಪ್ಪದೆ ಹೇಳಿ, ಪೊಟ್ಟಣದ ಖಾಲಿ ಲಕೋಟೆಯನ್ನೂ ತೋರಿಸಿ. ಬರಿಗೈಯಲ್ಲಿ ಕೆಲಸ ಮಾಡುವವರಿಗೆ ನಿಮ್ಮ ಬಳಿಯಿರುವ ರಬ್ಬರ್ ಗವಸನ್ನು ಕೊಡಿ.